ಮಾರಿಷಸ್ಸಿಗೆ ಹೋದ ಮುಸುಕಿನ ಜೋಳ

ನಮ್ಮ ಮಧುಗಿರಿಯಿಂದ ಹಡಗು ಹತ್ತಿದವರು ಇಲ್ಲವೆಂದಲ್ಲ. ಒಬ್ಬರು ವಕೀಲಿ ಓದಲು ಲಂಡನ್ನಿಗೆ ಹೋದರು, ಇನ್ನೊಬ್ಬರು ರೇಷ್ಮೆಯ ಕೆಲಸ ಕಲಿಯಲು ಜಪಾನಿಗೆ ಹೋದರು. ಹಿಂತಿರುಗಿದಾಗ ಅವರಿಗೆ ಹಾರ ಹಾಕಿ, ಕೋಟೆ ಬಾಗಿಲ ಹತ್ತಿರ ಭಾಷಣ ಮಾಡಿಸಿದರು. ನಾನು ಹೋದದ್ದು ಒಂದು ಚೀಲ ಮುಸುಕಿನ ಜೋಳ ತಲುಪಿಸಲಿಕ್ಕೆ. ಹಾಗಾಗಿ ನನಗೆ ಯಾರೂ ಹಾರ ಹಾಕಲಿಲ್ಲ, ಎರಡು ಮಾತಾಡಿ ಎಂದು ಕೇಳಲೂ ಇಲ್ಲ. ಹೊಟ್ಟೆಯಲ್ಲೇ ಉಳಿದುಹೋದ ಆ ಭಾಷಣವನ್ನು ಈಗ ಬರೆದು ಮುಗಿಸುತ್ತಿದ್ದೇನೆ.

ಜೋಳ ಬೇಕೆಂದವನು ನನ್ನ ಸೋದರಮಾವ ಮರುಳಪ್ಪ. ನಮ್ಮವ್ವ ಬಸಕ್ಕನ ತಮ್ಮ. ಪಾವಗಡದ ಆಚೆ ನಾಗಲಮಡಿಕೆಯಲ್ಲಿ ಹುಟ್ಟಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ತೆಲುಗು ಕೂಲಿಗಳ ಗುಂಪಿನ ಜೊತೆ ಕಬ್ಬಿನ ದ್ವೀಪಕ್ಕೆ ಹೊರಟುಹೋದವನು. ಅವನನ್ನು ನಾನು ನೋಡಿರಲೇ ಇಲ್ಲ. ಬಹಳ ವರ್ಷಗಳ ಮೇಲೆ ಆ ದ್ವೀಪದಿಂದ ಮರಳಿದ ಒಬ್ಬಾತ ನಮ್ಮ ಮನೆ ಹುಡುಕಿಕೊಂಡು ಬಂದು ಸುದ್ದಿ ಹೇಳಿದ. ಮಾವ ಚೆನ್ನಾಗಿದ್ದಾನೆ, ಮದುವೆಯಾಗಿಲ್ಲ, ಕಬ್ಬಿನ ಎಸ್ಟೇಟಿನಲ್ಲಿ ಆಳುಗಳ ಮೇಲೆ ಸರ್ದಾರನಾಗಿದ್ದಾನೆ. ಊರಿನಿಂದ ಅವನಿಗೆ ಬೇಕಾದದ್ದು ಒಂದೇ, ತಾಯಿಯ ಹಿತ್ತಲಿನ ಮುಸುಕಿನ ಜೋಳದ ಬೀಜ.

ಅವ್ವ ಎದ್ದು ಅಡುಗೆಮನೆಗೆ ಹೋದಳು. ಅವಳು ಮದುವೆಯಾಗಿ ಬಂದ ಮೇಲೆ ತವರಿನ ಬೀಜವನ್ನು ಮಧುಗಿರಿಯ ಹಿತ್ತಲಲ್ಲಿ ವರ್ಷವರ್ಷವೂ ಬೆಳೆದು, ಒಳ್ಳೆಯ ತೆನೆ ಆರಿಸಿ, ಒಲೆಯ ಮೇಲೆ ಹೊಗೆಯಾಡುವ ಕಡೆ ಜಡೆ ಹೆಣೆದು ತೂಗುಹಾಕುತ್ತಿದ್ದಳು. ಆ ಜಡೆಯನ್ನು ಬಿಚ್ಚಿ, ಕಾಳು ಉದುರಿಸಿ, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಚೀಲ ಹೊಲಿದಳು. ಅಂಗಡಿಯನ್ನು ಅಣ್ಣ ನೋಡಿಕೊಳ್ಳುತ್ತೇನೆಂದ. ನಮ್ಮದು ಹಿಂಡಿಯ ಅಂಗಡಿ. ಕಡಲೇಕಾಯಿ ಹಿಂಡಿ ದನಕ್ಕೆ, ಹೊಂಗೆ ಹಿಂಡಿ ಹೊಲಕ್ಕೆ.

"ಕೊಟ್ಬುಟ್ಟು ಬರ್ಬ್ಯಾಡ ಕಣ್ಲಾ ಸಿದ್ಲಿಂಗ," ಎಂದಳು ಅವ್ವ. "ಅವನು ಅದನ್ನ ಬೆಳ್ದು, ಸುಟ್ಟು, ತಿನ್ನೋದನ್ನ ನಿನ್ನ ಕಣ್ಣಾರೆ ನೋಡ್ಕಂಡು ಬಾ."

ಹಡಗಿನ ಮೇಲೆ

ಕೊಡಿಗೇನಹಳ್ಳಿ ದಾಟಿ, ಹಿಂದೂಪುರದಲ್ಲಿ ರೈಲು ಹತ್ತಿ, ಕೊಲಂಬೋದಲ್ಲಿ ಹಡಗು ಹತ್ತುವವರೆಗಿನ ಪಾಡನ್ನು ಬಿಡುತ್ತೇನೆ. ಅದನ್ನೆಲ್ಲ ಓದಿದವರಿಗೂ ಹೊಟ್ಟೆ ತೊಳಸುತ್ತದೆ.

ಕೆರೆಯೊಂದು ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಓಡುವ ಸೀಮೆಯವನು ನಾನು. ನೀರು ಮುಗಿಯುವುದೇ ಇಲ್ಲ ಎಂಬುದನ್ನು ನಂಬಲು ನನಗೆ ಬಹಳ ಹೊತ್ತು ಹಿಡಿಯಿತು. ಬೆಳಿಗ್ಗೆ ಏಳುತ್ತಿದ್ದೆ, ನೀರು. ಉಂಡು ಮಲಗುತ್ತಿದ್ದೆ, ಎದ್ದರೆ ಅದೇ ನೀರು. ಕೆಲವು ಸಲ ಹಡಗು ನಿಂತೇ ಇದೆ, ಸಮುದ್ರವೇ ನಮ್ಮ ಪಕ್ಕದಿಂದ ಎಲ್ಲಿಗೋ ಹೋಗುತ್ತಿದೆ ಅನ್ನಿಸುತ್ತಿತ್ತು. ಆ ಮಂಪರಿನಲ್ಲೇ ಒಂದು ಮಧ್ಯಾಹ್ನ ಚೀಲ ಮುಟ್ಟಿ ನೋಡಿದೆ. ತಣ್ಣಗಿತ್ತು. ಬಿಚ್ಚಿದರೆ ಬೂಷ್ಟಿನ ವಾಸನೆ.

ಮೇಲಿನ ಅಟ್ಟಕ್ಕೆ ಓಡಿ, ಬಿಸಿಲಲ್ಲಿ ಪಂಚೆ ಹಾಸಿ ಕಾಳನ್ನೆಲ್ಲ ಹರವಿದೆ. ನಮ್ಮ ಮನೆಯ ಅಂಗಳದಲ್ಲಿ ಹಾಗೆ ಹರವಿದರೆ ಕಾಯಬೇಕಾದದ್ದು ಕೋಳಿಯನ್ನು ಮಾತ್ರ. ಗಾಳಿಯನ್ನು ಕಾಯಬೇಕೆಂದು ಯಾರಿಗೆ ಗೊತ್ತು? ನಾನು ತೂಕಡಿಸಿದ್ದು ಎಷ್ಟು ಹೊತ್ತೋ ಏನೋ, ಪಂಚೆಯ ಒಂದು ತುದಿ ಎದ್ದು, ಕಾಳೆಲ್ಲ ಕಟಕಟನೆ ಉರುಳಿ, ಕಂಬಿಯ ಸಂದಿನಿಂದ ಸಮುದ್ರಕ್ಕೆ ಬಿದ್ದವು. ಬೋರಲು ಬಿದ್ದು ಎರಡೂ ಕೈಯಲ್ಲಿ ಬಾಚಿದೆ. ಒಂದೆರಡು ಹಿಡಿ ಉಳಿಯಿತು.

ಆಮೇಲೆ ಕಂಬಿ ಹಿಡಿದು ನೀರನ್ನೇ ನೋಡುತ್ತ ನಿಂತೆ. ಅವ್ವನ ಜೋಳ ಅಲ್ಲಿ ತಳಕ್ಕೆ ಇಳಿಯುತ್ತಿದೆ, ಇಳಿದು ಮೊಳೆಯುತ್ತಿದೆ, ನೀರಿನೊಳಗೆ ಹಸಿರು ಗರಿ ಬಿಚ್ಚಿ ಅಲೆಗೆ ತೂಗುತ್ತಿದೆ ಎಂದು ಕಲ್ಪಿಸಿಕೊಂಡೆ. ಆ ಹೊಲದ ಸಾಲುಗಳ ನಡುವೆ ಮೀನುಗಳು ಓಡಾಡುತ್ತಿದ್ದವು. ಚೆಂದವಾಗಿತ್ತು. ಆದರೆ ಮಾವನಿಗೆ ಏನು ಹೇಳಲಿ ಎಂಬುದು ಮಾತ್ರ ಹೊಳೆಯಲಿಲ್ಲ.

ಪೋರ್ಟ್ ಲೂಯಿ

ಬರುವ ಸುದ್ದಿಯನ್ನು ಮಾವನಿಗೆ ಮೊದಲೇ ಕಾಗದ ಹಾಕಿ ತಿಳಿಸಿದ್ದೆವು. ಬಂದರಿನಲ್ಲಿ ಬಿಳಿಯ ಕೋಟು, ಕಚ್ಚೆಪಂಚೆ, ಹಣೆಯ ತುಂಬ ವಿಭೂತಿ ಹಾಕಿದವನೊಬ್ಬ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದ. ಅವ್ವನ ಮೂಗು ಅವನ ಮುಖದಲ್ಲಿತ್ತು.

"ಬಸಕ್ಕನ ಮಗನೇನ್ಲಾ ನೀನು?"

"ಹೂಂ ಮಾವ."

"ಅಯ್ಯ, ಬಡ್ಡೆತ್ತದೆ! ಬಂದೇ ಬುಟ್ಯಾ?" ಎಂದು ನನ್ನ ಬೆನ್ನ ಮೇಲೆ ಗುದ್ದಿದ.

ಮಾವನ ಕನ್ನಡಕ್ಕೆ ವಯಸ್ಸೇ ಆಗಿರಲಿಲ್ಲ. ಊರು ಬಿಟ್ಟಾಗ ಎಷ್ಟಿತ್ತೋ ಅಷ್ಟೇ ಇತ್ತು. ತಲೆ ನರೆತ ಮನುಷ್ಯ ಗೋಲಿಯಾಡುವ ಹುಡುಗರ ಬೈಗುಳಗಳಲ್ಲಿ ಪ್ರೀತಿ ತೋರಿಸುತ್ತಿದ್ದ. ಗಾಡಿಯವನ ಹತ್ತಿರ ಫ್ರೆಂಚಿನಂಥ ಒಂದು ಭಾಷೆ, ಚೀನೀ ಅಂಗಡಿಯವನ ಹತ್ತಿರವೂ ಅದೇ, ದಾರಿಯಲ್ಲಿ ಸಿಕ್ಕ ಹೆಂಗಸರ ಹತ್ತಿರ ತೆಲುಗು. ನಮ್ಮ ಪಾವಗಡದ ಕಡೆ ಅರ್ಧ ವಾಕ್ಯ ಕನ್ನಡ, ಅರ್ಧ ತೆಲುಗು ಆಡಿಕೊಂಡು ಬೆಳೆದದ್ದು ಅವನನ್ನು ಈ ದೇಶದಲ್ಲಿ ಕಾಪಾಡಿತ್ತು. ಕನ್ನಡ ಆಡಲು ಮಾತ್ರ ಇಷ್ಟು ವರ್ಷ ಯಾರೂ ಇರಲಿಲ್ಲ. "ಎತ್ತಿನ ಜೊತೆ ಆಡ್ತಿದ್ದೆ," ಎಂದ.

ಸಮುದ್ರದ ಕಥೆ ಹೇಳಿ, ಉಳಿದ ಕಾಳನ್ನು ಕೈಗೆ ಸುರಿದೆ. ಬೈಯುತ್ತಾನೆಂದು ತಲೆ ತಗ್ಗಿಸಿದ್ದೆ. ಅವನು ಬೊಗಸೆಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಉಸಿರೆಳೆದ.

"ನಮ್ಮವ್ವನ ಒಲೆ ಹೊಗೆ ಕಣ್ಲಾ," ಎಂದ.

ಕಬ್ಬಿನ ನಡುವಿನ ಊರು

ಮಾವನ ಊರು ಕಬ್ಬಿನೊಳಗೆ ಮುಳುಗಿತ್ತು. ಮನೆಯ ಬಾಗಿಲು ತೆರೆದರೆ ಕಬ್ಬು, ಕಿಟಕಿ ತೆರೆದರೆ ಕಬ್ಬು. ಗದ್ದೆಗಳ ನಡುವೆ ಕರಿಯ ಕಲ್ಲಿನ ದೊಡ್ಡ ದೊಡ್ಡ ಗುಡ್ಡೆಗಳಿದ್ದವು. ನೆಲದಿಂದ ಆಳುಗಳು ಕೈಯಲ್ಲಿ ಕಿತ್ತು ಒಟ್ಟಿದ ಕಲ್ಲುಗಳೇ ಅವು. ನಮ್ಮ ಮಧುಗಿರಿಯ ಬೆಟ್ಟವನ್ನು ದೇವರು ಇಡಿಯಾಗಿ ಇಟ್ಟುಹೋದ, ಇಲ್ಲಿ ಮನುಷ್ಯರು ಚೂರುಚೂರಾಗಿ ಕಟ್ಟಬೇಕಾಯಿತು. ಸಂಜೆ ಆ ಗುಡ್ಡೆಗಳ ಮೇಲೆ ಮೋಡ ಬಂದು ಕೂರುತ್ತಿತ್ತು. ನಮ್ಮಲ್ಲಿ ಚಳಿಗೆ ಕಂಬಳಿ ಹೊದೆಯುವ ತಿಂಗಳಲ್ಲಿ ಇಲ್ಲಿ ಸೆಕೆ, ಮಳೆ. ನಕ್ಷತ್ರಗಳೂ ಅಪರಿಚಿತ. ತಿಂಗಳ ಹೆಸರು ಹೇಳಿಕೊಂಡರೆ ಯಾವುದೋ ಕನಸಿನ ಲೆಕ್ಕದಂತೆ ಕೇಳುತ್ತಿತ್ತು.

ಬೇಲಿಯ ಆಚೆ ಅಪ್ಪಲಮ್ಮ ಎಂಬ ತೆಲುಗು ವಿಧವೆ. ಅವಳ ಮಕ್ಕಳು ಮೀನು ಹಿಡಿಯುವವರು. ಮಾವ ಲಿಂಗವಂತ, ಮೀನಿನ ವಾಸನೆಗೂ ಆಗದವನು ಎಂದು ತಿಳಿದ ದಿನದಿಂದ ಅವಳು ಗಾಳಿ ನೋಡಿ ಮೀನು ಒಣಹಾಕುತ್ತಿದ್ದಳಂತೆ. ಗಾಳಿ ನಮ್ಮ ಮನೆಯ ಕಡೆ ತಿರುಗಿದರೆ ಚಾಪೆಯನ್ನು ಹೊತ್ತು ಮನೆಯ ಹಿಂದಕ್ಕೆ ಓಡುವಳು. ಮಾವನಿಗೆ ಜ್ವರ ಬಂದಾಗ ಗಂಜಿ ಕಾಯಿಸಲು ಹೊಸ ಮಡಕೆ ತಂದು ಬೇಲಿಯ ಮೇಲಿಂದ ಕೊಡುವಳು. ಈಚೆ ಮಾತ್ರ ಎಂದೂ ಕಾಲಿಟ್ಟವಳಲ್ಲ. ಇಷ್ಟು ಸೂಕ್ಷ್ಮವಾದ ನೆರೆಹೊರೆಯನ್ನು ನಾನು ನಮ್ಮ ಬೀದಿಯಲ್ಲೂ ಕಂಡಿಲ್ಲ.

ಕಾಳನ್ನು ಮಾವ ಮನೆಯ ಪಕ್ಕದ ಕೆಂಪು ನೆಲದಲ್ಲಿ ಊರಿದ. ಊರುತ್ತ ಊರುತ್ತ ಅವನ ಬಾಯಲ್ಲಿ ನಾಗಲಮಡಿಕೆಯ ಹಿತ್ತಲೇ. ತೆನೆ ಹೆಂಗೆ ಮೊಳದುದ್ದ ಇತ್ತು, ತುದಿಯ ರೇಷ್ಮೆಕೂದಲು ಹೆಂಗೆ ಹೊಂಬಣ್ಣಕ್ಕೆ ಇಳಿಯುತ್ತಿತ್ತು, ಸುಡುವಾಗ ಬೀದಿಯ ಕೊನೆಯವರೆಗೆ ಹೆಂಗೆ ವಾಸನೆ ಹೋಗುತ್ತಿತ್ತು. ಎಲ್ಲವನ್ನೂ ಹೇಳಿದ. ರುಚಿ ಹೇಗಿತ್ತೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗೊಬ್ಬರದ ಮಾತು ಬಂತು. ನಮ್ಮ ಸೀಮೆಯಲ್ಲಿ ಒಂದೊಂದು ಕಡೆ ಒಂದೊಂದು. ಹುಲಿಕುಂಟೆಯ ಸುತ್ತ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ, ಕೊರಟಗೆರೆಯ ಕಡೆ ಹೊಂಗೆ ಸೊಪ್ಪು ತುಳಿಯುತ್ತಾರೆ, ನಾವು ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ಹೊಡೆಯುತ್ತೇವೆ. ಮೂಳೆಯ ಗೊಬ್ಬರ ಮಾತ್ರ ನಮ್ಮ ಮನೆಗೆ ವರ್ಜ್ಯ. ಒಮ್ಮೆ ಅದರ ಮೂಟೆಗಳು ಅಂಗಡಿಗೆ ಬಂದಾಗ ಅಪ್ಪ ಗಾಡಿಯಿಂದ ಇಳಿಸಗೊಡದೆ ಹಿಂದಕ್ಕೆ ಕಳಿಸಿದ್ದರು. ಈ ದ್ವೀಪದಲ್ಲಿ ಕಬ್ಬಿಗೆ ಹಾಕುವುದು ಸಕ್ಕರೆಯಂಥ ಒಂದು ಬಿಳಿಯ ಉಪ್ಪು. ಮಾವ ಅದನ್ನು 'ದೊರೆ ಉಪ್ಪು' ಎನ್ನುತ್ತಿದ್ದ. ಎಸ್ಟೇಟಿನವರನ್ನು ಕೇಳಿ ಒಂದು ಬುಟ್ಟಿ ತಂದಿದ್ದ. ಒಂದು ಹಿಡಿ ಹಾಕಿದರೆ ಕಬ್ಬಿನ ಗರಿ ವಾರದಲ್ಲಿ ಕಪ್ಪು ಹಸಿರಾಗುತ್ತದಂತೆ.

ಮಳೆಯ ತೇವಕ್ಕೆ ಉಪ್ಪು ಗಂಟುಗಂಟಾಗಿತ್ತು. "ಬೂದಿ ಬೆರೆಸೋಣ ಮಾವ, ಉದುರುದುರಾಗ್ತದೆ," ಎಂದೆ. ಮಾವನ ಮುಖ ಅರಳಿತು. "ನಮ್ಮವ್ವನೂ ಅಂಗೇ ಕಣ್ಲಾ! ಬೂದಿ ಇಲ್ದೆ ಏನ್ ಬೆಳ್ದಾರು ನಮ್ಮೋರು?" ಒಲೆಯ ಬೂದಿಯನ್ನೆಲ್ಲ ಬಾಚಿ ತಂದು, ಇಬ್ಬರೂ ಕೂತು, ಹಬ್ಬದ ಹಿಟ್ಟು ಕಲಸಿದ ಹಾಗೆ ಕಲಸಿದೆವು. ಕಣ್ಣು ಉರಿದು ನೀರು ಸುರಿಯಿತು. ಮೂಗಿಗೆ ದನದ ಕೊಟ್ಟಿಗೆಯ ಘಾಟು ಹೊಡೆಯಿತು. "ಏನ್ ಪವರ್ರು ನೋಡು!" ಎಂದು ಮಾವ ನಕ್ಕ. ನಾನೂ ನಕ್ಕೆ.

ಊರಿಗೆ ಬಂದ ಮೇಲೆ ಬೇಸಾಯದ ಇಲಾಖೆಯವರೊಬ್ಬರು ಬಿಡಿಸಿ ಹೇಳಿದರು. ಬೂದಿ ಒಳ್ಳೆಯದೇ, ದಂಟಿಗೆ ಬಲ, ಕಾಳಿಗೆ ತೂಕ. ಉಪ್ಪೂ ಒಳ್ಳೆಯದೇ, ಎಲೆಗೆ ಹಸಿರು, ಗಿಡಕ್ಕೆ ಎತ್ತರ. ಆದರೆ ತೇವದಲ್ಲಿ ಎರಡನ್ನೂ ಒಟ್ಟಿಗೆ ಕಲಸಿದರೆ ಉಪ್ಪಿನ ಸಾರವೆಲ್ಲ ಘಾಟಾಗಿ ಗಾಳಿಗೆ ಹೋಗಿಬಿಡುತ್ತದೆ. ನಾವು ನಕ್ಕದ್ದು ಆ ಸಾರ ಹೊರಟುಹೋಗುವಾಗ.

ಮಳೆಯ ತಿಂಗಳು

ಗಿಡ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತು. ಮೊದಲು ಗರಿಯ ಅಂಚಿಗೆ ಬದನೆಕಾಯಿಯ ಬಣ್ಣ ಬಂತು. ಬೆಳಗಿನ ಮಂಜಿನಲ್ಲಿ ಆ ನೇರಳೆ ಅಂಚು ಹೊಳೆಯುವಾಗ ನಾನು, ಇದೇನು ಈ ಮಣ್ಣಿನ ಶೃಂಗಾರ ಎಂದು ಹೊಗಳಿದೆ. ಮಾವ ನನ್ನ ಮುಖ ನೋಡಿದ.

"ಹಸಿವು ಕಣ್ಲಾ ಅದು. ಬೇರಿಗೆ ಏನೋ ಸಿಕ್ತಿಲ್ಲ."

ಆಮೇಲೆ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತ ಬಂದವು. ಎಸ್ಟೇಟಿನಲ್ಲಿ ಇನ್ನೊಂದು ಬುಟ್ಟಿ ಉಪ್ಪು ಕೇಳಿದ, ಕಬ್ಬಿನ ಹಂಚಿಕೆ ಮುಗಿದಿತ್ತು. ಸಗಣಿ ಹಾಕಿದ, ಅದು ನಿಧಾನ. ನಾನಾದರೂ ಹಿಂಡಿ ವ್ಯಾಪಾರದವನು, ಒಂದು ಮೂಟೆ ಹೊಂಗೆ ಹಿಂಡಿಗಾಗಿ ಅಂದು ಏನು ಬೇಕಾದರೂ ಕೊಡುತ್ತಿದ್ದೆ. ಸುತ್ತ ನಾಲ್ಕು ದಿಕ್ಕಿಗೂ ಸಮುದ್ರ.

ಮಾವ ಊಟ ಕಡಿಮೆ ಮಾಡಿದ. ಕೆಲಸದಿಂದ ಬಂದವನೇ ಸಾಲಿನ ತಲೆಯಲ್ಲಿ ಕುಕ್ಕರಗಾಲಲ್ಲಿ ಕೂರುವನು. "ಇನ್ನೊಂದು ಕಿತ ನಿಮ್ಮವ್ವನ್ನ ಬೀಜ ಕೇಳೋಕೆ ನಂಗೆ ಮಕ ಎಲ್ಲೈತೆ?" ಎಂದ ಒಂದು ಸಂಜೆ. ಬೇಲಿಯಾಚೆ ಅಪ್ಪಲಮ್ಮ ಕೈಯಲ್ಲಿ ಮೀನಿನ ಬುಟ್ಟಿ ಹಿಡಿದು ನಿಂತೇ ಇದ್ದಳು. ಅವ್ವನಿಗೆ ಯಾವ ಸುದ್ದಿ ಒಯ್ಯಲಿ?

ಅದಾದ ಮೇಲೆ ಒಂದು ವಿಚಿತ್ರ ನೋಡಿದೆ. ಊರಿನ ಬೆಕ್ಕುಗಳೆಲ್ಲ ಜೋಳದ ಸಾಲಿಗೆ ಬರತೊಡಗಿದವು. ಒಂದೊಂದು ಗಿಡದ ಬುಡದಲ್ಲಿ ಒಂದೊಂದು ಬೆಕ್ಕು ಕಣ್ಣು ಮುಚ್ಚಿ ಕೂತಿರುವುದು. ಪಾಪ, ಈ ದ್ವೀಪದಲ್ಲಿ ಬೆಕ್ಕಿಗೂ ಜೋಳದ ಮೇಲೆ ಆಸೆ ಎಂದುಕೊಂಡು, ಊರಿನಲ್ಲಿ ಹೇಳಲು ಒಳ್ಳೆಯ ಸಂಗತಿ ಸಿಕ್ಕಿತೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಕಲ್ಲು ಬೀರಿದರೂ ಹೋಗುತ್ತಿರಲಿಲ್ಲ. ಗಿಡಗಳು ಹಸಿರಿಗೆ ತಿರುಗಿದ್ದು ಆ ದಿನಗಳಲ್ಲೇ. ಹೊಸ ಗರಿಗಳು ಅಗಲವಾಗಿ ಬಿಚ್ಚಿದವು, ನೇರಳೆ ಅಂಚು ಮಾಯವಾಯಿತು. ಮಳೆ ನಿಂತ ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಿಡಗಳ ತಲೆಯಲ್ಲಿ ಸೂಲಂಗಿ ಹೂವು ಬಂದಿತ್ತು. ಸಮುದ್ರದ ಕಡೆಯ ಗಾಳಿಗೆ ಅದರ ಧೂಳು ಹಾರಿ, ಬಿಸಿಲಲ್ಲಿ ಹೊಳೆಯುತ್ತ, ರೇಷ್ಮೆಯ ಮೇಲೆ ಇಳಿಯುತ್ತಿತ್ತು. ಮಾವ ಬಾಗಿಲಲ್ಲಿ ನಿಂತವನು ಕೆಲಸಕ್ಕೆ ಹೊರಡುವುದನ್ನೇ ಮರೆತ.

ಬೇಲಿಯ ಈಚೆ

ತೆನೆ ಹಾಲುಗಾಳು ದಾಟಿ ಸುಡುವ ಹದಕ್ಕೆ ಬಂತು. ಎರಡೋ ಮೂರೋ ಸಾಲಿನಲ್ಲಿ ತೆನೆಯ ತುದಿಯವರೆಗೂ ಕಾಳು ಒತ್ತಿಕೊಂಡು ಕೂತಿತ್ತು. ಗೋಡೆಯ ಕಡೆಯ ಕೊನೆಯ ಸಾಲು ಮಾತ್ರ ಬೊಕ್ಕುಬಾಯಿಯಂತೆ ಅಲ್ಲಲ್ಲಿ ಖಾಲಿ. ಮಾವ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅಂಗಳದಲ್ಲಿ ಕೆಂಡ ಮಾಡಿದ. ಮೊದಲ ತೆನೆಯ ಮುಸುಕು ಸುಲಿಯತೊಡಗಿದ.

ಅಷ್ಟರಲ್ಲಿ ಬೇಲಿಯ ಆಚೆಯಿಂದ ಅಪ್ಪಲಮ್ಮ ಕೂಗಿದಳು.

"ಅನ್ನಯ್ಯಾ, ತಿನ್ನಬೇಡ!"

ಬೇಲಿಯ ಗೂಟ ಹಿಡಿದು ಅಳುತ್ತ ತೆಲುಗಿನಲ್ಲಿ ಹೇಳಿದಳು. ಗಿಡ ಸಾಯುವುದನ್ನು ಅವಳಿಂದ ನೋಡಲಾಗಲಿಲ್ಲ. ಅವಳ ತವರಿನ ಕಡೆ ತೆಂಗಿನ ಬುಡಕ್ಕೆ ಮೀನಿನ ತಲೆ, ಮುಳ್ಳು ಹೂಳುತ್ತಾರೆ. ಮಾವ ಕೆಲಸಕ್ಕೆ ಹೋಗಿ, ನಾನು ಮಧ್ಯಾಹ್ನ ಗೊರಕೆ ಹೊಡೆಯುವಾಗ ಬೇಲಿ ದಾಟಿ ಬಂದು ಒಂದೊಂದು ಬುಡಕ್ಕೂ ಹೂತಿದ್ದಳು. ಕೊನೆಯ ಸಾಲಿಗೆ ಸಾಲಲಿಲ್ಲ. "ಗಿಡ ಬದುಕಲಿ ಅಂತ ಮಾಡಿದೆ. ನಿನ್ನ ನೇಮ ಕೆಡಿಸಬೇಕು ಅಂತಲ್ಲ. ಗೊತ್ತಿಲ್ಲದೆ ತಿಂದರೆ ಆ ಪಾಪ ನನಗೆ ಸುತ್ತಿಕೊಳ್ಳುತ್ತೆ ಅನ್ನಯ್ಯಾ."

ಬೆಕ್ಕುಗಳ ಭಕ್ತಿಯ ಅರ್ಥ ನನಗೆ ಆಗ ಆಯಿತು. ಮಾವನ ಕೈಯಲ್ಲಿ ಅರ್ಧ ಸುಲಿದ ತೆನೆ ಇತ್ತು. ಕೆಂಡ ಬೂದಿ ಮುಚ್ಚಿಕೊಳ್ಳುತ್ತಿತ್ತು. ಅವನು ತಿನ್ನುವುದಿಲ್ಲ, ನಾನು ಬರಿಗೈಯಲ್ಲಿ ಅವ್ವನೆದುರು ನಿಲ್ಲಬೇಕು ಎಂದು ನನಗೆ ಖಾತ್ರಿಯಾಯಿತು.

ಮಾವ ಉಳಿದ ಮುಸುಕನ್ನೂ ಸುಲಿದು ಕೆಂಡದ ಬೂದಿ ಕೆದಕಿದ.

"ನಮ್ಮ ಹಿತ್ತಲಾಗೆ ಮೊಳದುದ್ದದ ತೆನೆ ಬಂದಿದ್ದು ಹೆಂಗೆ ಅಂತ ಕೇಳ್ಲಿಲ್ವಲ್ಲೋ ನೀನು. ಚೆಲುವಿ ಅಂತ ಒಂದು ಕರ ಇತ್ತು. ನನ್ನ ಜೊತೇಲೇ ಮಲಗ್ತಿತ್ತು. ಸತ್ತೋಯ್ತು. ಅದನ್ನ ಹಿತ್ತಲಾಗೇ ಹೂತ್ರು. ಮುಂದಿನ ಬೆಳೆ ಅಲ್ಲೇ, ಅದರ ಮ್ಯಾಲೇ ಕಣ್ಲಾ. ಅಂಥ ಜೋಳ ಆ ಊರಾಗೇ ಯಾರೂ ನೋಡಿರ್ಲಿಲ್ಲ."

ತೆನೆಯನ್ನು ಕೆಂಡದ ಮೇಲಿಟ್ಟ. ಬೀಸಣಿಗೆಯಿಂದ ಗಾಳಿ ಹಾಕಿದ. ಕಾಳು ಚಟಪಟ ಅಂದಿತು. ಸಮುದ್ರದಲ್ಲಿ ನೀನು ಚೆಲ್ಲಿದ ಕಾಳಿಗೆ ಸಮುದ್ರ ಮೀನು ಕೊಟ್ಟು ಲೆಕ್ಕ ಚುಕ್ತಾ ಮಾಡಿತು ಎಂದು ನನ್ನನ್ನು ರೇಗಿಸಿದ.

ಆಮೇಲೆ ಬೇಲಿಯ ಕಡೆ ತಿರುಗಿ, "ಅಪ್ಪಲಮ್ಮಾ, ಅಲ್ಯಾಕೆ ನಿಂತೆ? ರಾ. ಕೆಂಡ ಆರೋಗ್ತದೆ," ಎಂದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಈಚೆ ಬಂದಳು. ಈ ಸಲ ಹಗಲಿನಲ್ಲಿ, ಎಲ್ಲರ ಎದುರಿಗೆ. ಮೊದಲ ತೆನೆ ಅವಳ ಕೈಗೆ ಹೋಯಿತು, ಎರಡನೆಯದು ನನ್ನ ಕೈಗೆ. ನಾನು ಒಂದು ಗಳಿಗೆ ಅಪ್ಪನ ಮುಖ ನೆನೆದು, ಕಣ್ಣು ಮುಚ್ಚಿ ಕಚ್ಚಿದೆ. ಸಿಹಿಯಾಗಿತ್ತು, ಅವ್ವನ ಹಿತ್ತಲಿನದೇ. ಮಾವ ಒಂದೊಂದೇ ಕಾಳು ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬರಿಯ ದಿಂಡು ಉಳಿದ ಮೇಲೆ ದಿಂಡನ್ನೂ ಚೀಪಿದ.

"ಅಂಗೇ ಐತಾ ಮಾವ? ಆವತ್ತಿನಂಗೇ?"

ಅವನು ನನ್ನನ್ನು ನೋಡಿ ಸಣ್ಣಗೆ ನಕ್ಕ. "ನಂಗೇನ್ ಗೊತ್ತು?" ಎಂದ. ಇನ್ನೊಂದು ತೆನೆ ಎತ್ತಿಕೊಂಡ.

ಮಧುಗಿರಿ

ಹಿಂದಿರುಗಿ ಬಂದಾಗ ಹಿತ್ತಲಿನ ಆಚೆ ಬೆಟ್ಟ ಎಂದಿನಂತೆ ನಿಂತಿತ್ತು. ದ್ವೀಪ, ಸಮುದ್ರ, ಬೆಕ್ಕುಗಳು ಎಲ್ಲವೂ ಯಾರೋ ಹೇಳಿದ ಕಥೆಯಂತೆ ಆಗಲೇ ಮಸುಕಾಗುತ್ತಿದ್ದವು. ಅವ್ವ ಕಾಲಿಗೆ ನೀರು ಕೊಡುವ ಮೊದಲೇ ಕೇಳಿದಳು.

"ತಿಂದನೇನ್ಲಾ?"

"ತಿಂದ ಅವ್ವ."

ಮೀನಿನ ಸಂಗತಿಯನ್ನೂ ಬಚ್ಚಿಡಲಿಲ್ಲ. ಅವಳು ಒಲೆಯ ಮುಂದೆ ಕೂತು ಎಲ್ಲ ಕೇಳಿದಳು. ಚೆಲುವಿಯ ಮಾತು ಬಂದಾಗ ಕೈಯಲ್ಲಿದ್ದ ಊದುಕೊಳವೆಯನ್ನು ಕೆಳಗಿಟ್ಟಳು.

"ಆ ಕರ ಹೂತ್ರು ಅಂದ್ನಾ? ಯಾರೂ ಹೂಳ್ಲಿಲ್ಲ. ಅವನೇ ಹಳ್ಳ ತೋಡ್ದ, ಅವನೇ ಹೂತ. ಅದರ ಮ್ಯಾಲೆ ನಮ್ಮವ್ವ ಜೋಳ ಹಾಕ್ದಾಗ ಅವಳ ಜೊತೆ ಮಾತು ಬಿಟ್ಟ. ತೆನೆ ಬಂತು, ಊರೋರೆಲ್ಲ ತಿಂದ್ರು. ಅವನು ಒಂದು ಕಾಳು ಬಾಯಿಗೆ ಹಾಕ್ಲಿಲ್ಲ. ಇವು ಅವನ ಪಾಲಿನ ತೆನೆ ಅಂತ ಅವ್ವ ಒಲೆ ಮ್ಯಾಲೆ ತೂಗಾಕಿದ್ಲು, ಸಿಟ್ಟು ಇಳಿದ ಮ್ಯಾಲೆ ತಿಂತಾನೆ ಅಂತ. ಅಷ್ಟರೊಳಗೆ ಅವನು ಹಡಗು ಹತ್ಬುಟ್ಟಿದ್ದ."

ಅವ್ವ ಒಲೆಯ ಮೇಲಿನ ಖಾಲಿ ಹಗ್ಗವನ್ನು ನೋಡಿದಳು. ನಾನು ಮಾವ ಕೊಟ್ಟ ಗಂಟನ್ನು ಬಿಚ್ಚಿ ಅವಳ ಮುಂದೆ ಇಟ್ಟೆ. ಅದರಲ್ಲಿ ಅವನು ಆರಿಸಿ ಒಣಗಿಸಿದ ಬೀಜದ ತೆನೆಗಳಿದ್ದವು.

"ನಮ್ಮವ್ವ ಸಾಯೋವರ್ಗೂ ಅದನ್ನ ಯಾರಿಗೂ ತಿನ್ನಾಕೆ ಬುಡ್ಲಿಲ್ಲ," ಎಂದಳು. "ವರ್ಸಾ ವರ್ಸಾ ಅದನ್ನೇ ಬಿತ್ತಿ, ಅದನ್ನೇ ಎತ್ತಿಡೋಳು. ನಾನು ಇಲ್ಲಿಗೆ ತಂದಿದ್ದು ಅದೇ ಬೀಜ ಕಣ್ಲಾ, ಸಿದ್ಲಿಂಗ. ಇಷ್ಟು ವರ್ಸ ನಾನು ಬೆಳೀತಿದ್ದಿದ್ದು ಅವನ ಪಾಲು. ನಾನು ಮಾತ್ರ ಅದ್ರಲ್ಲಿ ಒಂದು ಕಾಳೂ ಬಾಯಿಗೆ ಹಾಕಿಲ್ಲ."

ತೆನೆಗಳನ್ನು ಒಂದೊಂದಾಗಿ ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿದಳು, ಅವುಗಳ ಮುಸುಕನ್ನು ಜಡೆ ಹೆಣೆದಳು. ಆಮೇಲೆ ಒಂದನ್ನು ಮಾತ್ರ ಜಡೆಯಿಂದ ಬಿಡಿಸಿಕೊಂಡು, ಒಲೆಯೊಳಗೆ ಕೆಂಡ ಇದೆಯೇ ಎಂದು ಬಗ್ಗಿ ನೋಡಿದಳು.